ಅಳಸಾಕ ಬರದ ಸಕ್ಕರಿ

ಉದಗೀರದ ನಮ್ಮ ದವಾಖಾನಿ ಕೌಂಟರಿನಾಗ ಕುಂತವರಿಗಿ ನಗೂ ತಡಕೊಳ್ಳೂದೇ ಅರ್ಧ ಕೆಲಸ. ಡಾಕ್ಟರ್ ಸಾಹೇಬ್ರು ಬ್ಲಾಕ್‌ಚೈನ್ ತಂದ ಮ್ಯಾಲಂತೂ ಕೇಳಬ್ಯಾಡ್ರಿ. ರೋಗಿದು ಏನ್ ಬರದ್ರೂ ಒಂದಕ್ಕೊಂದು ಕೊಂಡಿ ಬಿದ್ದು ಹತ್ತಾರು ಕಂಪ್ಯೂಟರಿನಾಗ ಕೂಡತದ. ಮುಂದ ಸೇರಸಬಹುದು, ಹಿಂದಿಂದು ಅಳಸಾಕ ಬರಂಗಿಲ್ಲ. ನಾವು ತಗದು ನೋಡಬೇಕಂದ್ರ ರೋಗಿ ತನ್ನ ಫೋನಿಗಿ ಬಂದ ನಂಬರ್ ಹೇಳಿ ಪರವಾನಗಿ ಕೊಡಬೇಕು.

ಜೀಪಿನವನ ಪರವಾನಗಿ

ಜಳಕೋಟ ಕಡಿ ಅಜ್ಜಿಗಿ, "ನಂಬರ್ ಹೇಳ್ರಿ" ಅಂದೆ.

"ನಂದೆಲ್ಲಿ ಫೋನ್ ತಾಯಿ? ನಮ್ಮನ್ನ ಊರಿಂದ ಕರಕೊಂಡು ಬರೂ ಜೀಪಿನವಂದು ಬರಸೀನಿ."

ಆಕಿ ಹಿಂದ ಪಾಳಿ ಹಚ್ಚಿದವರದೂ ಜೀಪಿನವಂದೇ. ಇಡೀ ಊರಿನ ಬಿಪಿ, ಮಂಡಿನೋವು, ಮೂಲವ್ಯಾಧಿ ಎಲ್ಲಾದರ ಕೀಲಿ ಅವನೊಬ್ಬನ ಕಿಸೆದಾಗ! ಫೋನ್ ಹಚ್ಚಿದೆ.

"ನಂಬರ್ ಹೇಳ್ತೀನ್ರಿ ಅಕ್ಕಾರ" ಅಂದ ಅಂವಾ. "ಮೂಲವ್ಯಾಧಿ ಯಾರದದ ಅಷ್ಟ ಹೇಳ್ರಿ. ಬರೂಮುಂದ ಅವರಿಗಿ ಮೆತ್ತನ ಸೀಟ್ ಹಿಡದಿಡ್ತೀನಿ."

ಕಾಕಾನ ಗೋಳು

ದೇವಣಿ ಕಡಿ ಹೊಲಾ ಮಾಡೂ ಒಬ್ಬ ಕಾಕಾಗ ಸಕ್ಕರಿ ಬ್ಯಾನಿ ಅದ ಅಂತ ತಪಾಸಣಿದಾಗ ಗೊತ್ತಾತು. ಮುಂದಿನ ವಾರ ಬಸುರಿ ಮೊಮ್ಮಗಳ ಕುಬಸ, ಸೀಕರಣಿ ಹೋಳಗಿ ಊಟ. ರಿಪೋರ್ಟ್ ಅವನ ಹೆಂಡ್ತಿ ಕಾಕುನ ಫೋನಿಗೇ ಹೋಗಿ, ಆಕಿ ಹೋಳಗಿ ಬಂದ್ ಮಾಡಿದ್ಳು. ಪಾಪ, ಕಾಕಾನ ಮಾರಿ ನೋಡಂಗಿರಲಿಲ್ಲ.

"ಕೈ ಮುಗೀತೀನಿ ಅಕ್ಕಾರ, ಆ ಸಕ್ಕರಿ ಅಳಸ್ರಿ."

"ಬರಂಗಿಲ್ಲ ಕಾಕಾ."

"ಹೊಲದ ಸಾತಬಾರಾ ಕಾಗದದಾಗ ಮಾಲಕನ ಹೆಸರೇ ಬದಲಾಗತದ, ನಿಮಗ ಇಷ್ಟು ಸಕ್ಕರಿ ಅಳಸೂದು ಆಗಂಗಿಲ್ಲೇನ್ರಿ?"

"ಪಥ್ಯಾ ಮಾಡಿ ಹೊಸಾ ತಪಾಸಣಿ ಮಾಡಸ್ರಿ. ಕಮ್ಮಿ ಬಂದ್ರ ಅದೂ ಸೇರತದ."

ಕಾಕಾ ಪಥ್ಯದ ಮಾತು ಬಿಟ್ಟು ಉಳದದ್ದಷ್ಟೇ ಕೇಳಿದ.

ತಮ್ಮನ ರಕ್ತ

ಮರುದಿನ ನಾ ರಜಾ. ಲ್ಯಾಬಿನವರಿಗಿ ಕಾಕಾನ ಗುರುತಿಲ್ಲ. ಕಾಕಾ ತನ್ನ ಹೆಸರಿಲೆ ತಮ್ಮನ್ನ ಕಳಸಿದ. ಗಟ್ಟಿ ಆಳು, ಹುಟ್ಟಿದಾಗಿಂದ ಸೂಜಿ ಕಂಡಂವಲ್ಲ. ರಿಪೋರ್ಟಿನಾಗ ಸಕ್ಕರಿ ಕಾಕಾನದಕ್ಕಿಂತ ದುಪ್ಪಟ್ಟು!

ನಾ ರಜಾ ಮುಗಿಸಿ ಬಂದ ದಿನ ಕಾಕು ಆ ರಿಪೋರ್ಟ್ ಹಿಡದು ಕಾಕಾನ್ನ ಎಳಕೊಂಡು ಬಂದ್ಳು, ಹಿಂದ ತಮ್ಮನೂ ಬಂದ. "ಹೋಳಗಿ ಬಂದ್ ಮಾಡಿದ್ರೂ ಏರೇದ! ಇನ್ನ ಅನ್ನಾನೂ ಬಂದ್!"

ತಮ್ಮ ಅಣ್ಣನ ಅಂಗಿ ಜಗ್ಗಿ, "ಸಾಂಗೂ ನಕೋ ರೇ ದಾದಾ, ಹೇಳಬ್ಯಾಡೋ" ಅಂದ. ಅವನಿಗೂ ಹೋಳಗಿ ಚಿಂತಿ.

ಡಾಕ್ಟರ್ ಬಂದು, "ಇದು ಜೀವಕ್ಕ ಧೋಕಾ. ಇವತ್ತೇ ಔಷಧ ಸುರು ಮಾಡಬೇಕು" ಅಂದ್ರು.

ಕಾಕಾನ ಕಣ್ಣಾಗ ನೀರು ಬಂತು. "ಸಾಹೇಬ್ರ, ಆ ರಕ್ತ ಇವಂದ್ರಿ. ಮೊದಲ ನನ್ನ ತಮ್ಮನ್ನ ನೋಡ್ರಿ." ಮೂಗು ಒರಸಿಕೊಂಡು ಮತ್ತ ಅಂದ, "ನಾ ಒಬ್ಬನೇ ಯಾಕ ಒಣ ರೊಟ್ಟಿ ತಿನ್ಲಿ?"

ತಮ್ಮನ್ನ ಒಳಗ ಕರಕೊಂಡು ಹೋದ್ರು. ಹಳೇದು ಅಳಸಂಗಿಲ್ಲ, ಅದಕ್ಕ ಕಾಕಾ ಹೇಳಿದಂಗ ಕೆಳಗ ಸೇರಸಿ ಗಟ್ಟ್ಯಾಗಿ ಓದಿದೆ: "ಈ ರಕ್ತ ನಂದಲ್ಲ. ನಾ ತಮ್ಮನ್ನ ಕಳಸಿದ್ದೆ. ತಪ್ಪು ನಂದೇ."

ಕಾಕು ಕೌಂಟರಿನ ಹಂತೇಲಿ ಬಂದ್ಳು. "ಇದೂ ಅಳಸಾಕ ಬರಂಗಿಲ್ಲಲ್ಲ?"

"ಇಲ್ಲ ಕಾಕು."

"ಲಗ್ನ ಆದಾಗಿಂದ ಇವರು ತಪ್ಪು ಒಪ್ಪಿದ್ದು ಇದೇ ಮೊದಲ ನೋಡವ್ವಾ. ಇನ್ನೂ ನಾಕು ಕಂಪ್ಯೂಟರಿನಾಗ ಹಾಕು."