ಟಾಪಿಲ್ಲದ ಕಾರಿಗೆ ಚಿಪ್ಪಿನ ಫೋನು

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಡಿದ ಯಂತ್ರ ಕೆಲಸ ಮಾಡಿತು. ಇವತ್ತಿಗೂ ತಿಪಟೂರಲ್ಲಿ ಯಾರಾದರೂ "ಏನ್ ಸ್ವಾಮಿ, ಆ ಚಿಪ್ಪಿನ ಫೋನು ಫೇಲಾಯ್ತಂತೆ?" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಫೇಲಾಗಲಿಲ್ಲ ಕಣ್ರೀ! ಸ್ವಲ್ಪ ಜಾಸ್ತಿ ಪಾಸಾಯಿತು, ಅಷ್ಟೇ.

ಟೀವಿ ಇನ್ನೂ ನಮ್ಮೂರಿಗೆ ಬಾರದಿದ್ದ ಕಾಲ. ನಾನು ಕೊಬ್ಬರಿ ವ್ಯಾಪಾರಿ. ಮಂಡಿಯ ಮಿಕ್ಕವರೆಲ್ಲ ಮರ್ಯಾದಸ್ಥರ ಕಾರು ಕೊಂಡರೆ ನಾನು ಮೈಸೂರಿನ ಒಬ್ಬ ಮುದಿ ಡಾಕ್ಟರ ಹತ್ತಿರ ಕೆಂಪು ಸ್ಪೋರ್ಟ್ಸ್ ಕಾರು ಕೊಂಡೆ. ಎರಡೇ ಸೀಟು. ಮೇಲೆ ಟಾಪಿಲ್ಲ. ಇದ್ದ ಬಟ್ಟೆ ಟಾಪನ್ನು ಡಾಕ್ಟರ ಮನೆ ಇಲಿಗಳು ಎಂದೋ ತಿಂದು ಮುಗಿಸಿದ್ದವು. ಅದರಲ್ಲಿ ಕೂತು ಬಿ.ಎಚ್. ರಸ್ತೆಯಲ್ಲಿ ಹೊರಟರೆ ನನ್ನ ಸಮಾನ ನಾನೇ! ನನ್ನ ಹೆಂಡತಿ ಗಿರಿಜೆಗೆ ಮಾತ್ರ ಅದು ಕಾರೇ ಅಲ್ಲ. "ಎಮ್ಮೆ ನೀರು ಕುಡಿಯೋ ತೊಟ್ಟಿಗೆ ಚಕ್ರ ಹಾಕ್ಸಿದ್ದೀರಿ" ಅಂದಳು.

ಮೊದಲ ಸವಾರಿ ತುರುವೇಕೆರೆಯ ನೆಂಟರ ಮನೆಗೆ. ದಾರಿಯುದ್ದಕ್ಕೂ ಗಿರಿಜೆ ಪಕ್ಕದಲ್ಲಿ ಬಾಯಿ ತೆಗೆದು ಮುಚ್ಚುತ್ತಿದ್ದಳು. ಗಾಳಿಯ ಹೊಡೆತಕ್ಕೆ ನನಗೆ ಒಂದಕ್ಷರ ಕೇಳಿಸಲಿಲ್ಲ. ಖುಷಿಗೆ ಹಾಡುತ್ತಿದ್ದಾಳೆ ಅಂದುಕೊಂಡು ನಾನೂ ತಲೆದೂಗಿದೆ. ಇಳಿದ ಮೇಲೆ ತಿಳಿಯಿತು, ನೆಂಟರಿಗೆಂದು ಹಿಂದೆ ಇಟ್ಟಿದ್ದ ಚಕ್ಕುಲಿ ಡಬ್ಬ ಅರ್ಧ ದಾರಿಯಲ್ಲೇ ಹಾರಿಹೋಗಿತ್ತು.

"ನಾನು ಬಡ್ಕೊಂಡಿದ್ದು ನಿಮಗೆ ಕೇಳದ ಕಾರು ನಮ್ಮನೇಲಿ ಇರಬಾರ್ದು" ಅಂದಳು ಗಿರಿಜೆ. "ಕೆಂಕೆರೇಲಿರೋ ನನ್ನ ತಮ್ಮ ಶಂಕರನಿಗೆ ಕೊಟ್ಬುಡಿ. ಎಂಜಿನ್ ಕಿತ್ತು ತೋಟಕ್ಕೆ ನೀರು ಹಾಯಿಸ್ಕೋತಾನಂತೆ."

ನನ್ನ ಕಾರಿನ ಎಂಜಿನ್ನು! ತೆಂಗಿನ ಸಸಿಗೆ ನೀರು! ನನಗೆ ಕಣ್ಣಲ್ಲಿ ನೀರು ಬಂತು. "ಏ ಗಿರಿಜಾ, ಕೇಳಿಸ್ಕೊ. ಮುಂದಿನ ಸಲ ಕೆಂಕೆರೆಗೆ ಹೋಗೋ ಹೊತ್ತಿಗೆ ನೀನು ಪಿಸುಗುಟ್ಟಿದ್ರೂ ನನಗೆ ಕೇಳೋ ಹಂಗೆ ಮಾಡ್ತೀನಿ. ಕೇಳ್ಲಿಲ್ಲ ಅಂದ್ರೆ ಕಾರು ನಿನ್ನ ತಮ್ಮಂದು!" ಅಂತ ಘೋಷಿಸಿದೆ.

ವಿಮಾನ ಓಡಿಸುವವರು ಕಿವಿಗೆ ಏನೋ ಹಾಕಿಕೊಂಡು ಮಾತಾಡುವ ಚಿತ್ರ ನೋಡಿದ್ದೆ. ಅವರಿಗೆ ಸಾಧ್ಯವಾದದ್ದು ತಿಪಟೂರಿನವನಿಗೆ ಯಾಕೆ ಸಾಧ್ಯವಿಲ್ಲ? ಗುಜರಿಯಿಂದ ಹಳೆ ಟೆಲಿಫೋನುಗಳನ್ನು ತಂದು ಬಿಚ್ಚಿ, ಕೇಳುವ ತುಂಡು ಕಿವಿಗೆ, ಮಾತಾಡುವ ತುಂಡು ಬಾಯಿಯ ಮುಂದೆ ಬರುವ ಹಾಗೆ ಜೋಡಿಸಿದೆ. ತಲೆಯ ಮೇಲೆ ಕೂರುವ ಪಟ್ಟಿಗೆ ಮುರಿದ ಛತ್ರಿಯ ಕಡ್ಡಿ ಆಯಿತು. ಇನ್ನು ಗಾಳಿಯ ಸದ್ದು ಒಳಗೆ ಬಾರದ ಹಾಗೆ ಕಿವಿಗೆ ಬಿಗಿಯಾದ ಮುಚ್ಚಳ ಬೇಕು. ಅದಕ್ಕೆ ನಾನು ಅಮೆರಿಕಕ್ಕೆ ಕಾಗದ ಬರೆಯಬೇಕೇ? ಮನೆ ತುಂಬ ತೆಂಗಿನಕಾಯಿ! ಸಣ್ಣ ಕಾಯಿ ಆರಿಸಿ, ಗರಗಸದಲ್ಲಿ ಕೊಯ್ದು, ಚಿಪ್ಪನ್ನು ಉಜ್ಜಿ ನಯ ಮಾಡಿ, ಒಳಗೆ ನಾರು ತುಂಬಿ ಮಖಮಲ್ಲು ಹೊಲಿದೆ. ಅಳತೆ ಸರಿಹೋಗಲೆಂದು ಗಿರಿಜೆಯ ಕಿವಿಯ ಸುತ್ತ ಬೆರಳಲ್ಲಿ ಬಡಿದು ನೋಡಿದೆ.

"ರೀ, ಇದು ತಲೆ ಕಣ್ರೀ. ಮಂಡಿಗೆ ಬಂದ ಕಾಯಿ ಅಲ್ಲ!"

ಸದ್ದು ಏರಿಸಲು ಆಂಪ್ಲಿಫೈಯರ್ ಬೇಕಿತ್ತು. ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುವ ಬಸಣ್ಣ ಕಾರಿನ ಬ್ಯಾಟರಿಗೆ ಹೊಂದುವ ಒಂದನ್ನು ಕೊಟ್ಟ. ಜೊತೆಗೆ ಮದುವೆ ಹಾಡು ಊರಿಗೆಲ್ಲ ಸಾರುವ ದೊಡ್ಡ ಹಾರನ್ನನ್ನೂ ತಂದು ಡಿಕ್ಕಿಯಲ್ಲಿಟ್ಟ. "ಅಣ್ಣಾ, ಹಾರನ್ ವೈರು ಮಾತ್ರ ಬಿಚ್ಬೇಡ. ಬಿಚ್ಚಿದ್ರೆ ಸೆಟ್ಟು ಸುಟ್ಟು ಹೋಯ್ತದೆ."

"ಬಿಚ್ಚಲ್ಲ ಕಣಪ್ಪ" ಅಂದೆ. ಹಾರನ್ನಿನ ಬಾಯಿಗೆ ತೆಂಗಿನ ನಾರನ್ನು ಗಿಡಿದು ತುಂಬಿದೆ. ಮೂಗನ ಬಾಯಿಯಷ್ಟು ಮೌನ! ಹಾರನ್ನು ಉದ್ದವಿದ್ದದ್ದರಿಂದ ಡಿಕ್ಕಿಯ ಬಾಗಿಲು ಮುಚ್ಚಲಿಲ್ಲ. ಹಗ್ಗ ಕಟ್ಟಿದೆ. ಇಷ್ಟು ಮುಂದಾಲೋಚನೆ ಯಾವ ಎಂಜಿನಿಯರಿಗೆ ಇರುತ್ತದೆ, ನೀವೇ ಹೇಳಿ.

ಕೆಂಕೆರೆಗೆ ಹೊರಟೆವು. ತಿಪಟೂರು ದಾಟಿ ಕಾರು ವೇಗ ಹಿಡಿಯಿತು. ಕಿವಿಯೊಳಗೆ ಗಿರಿಜೆಯ ದನಿ ಬಂತು. ಸ್ವಚ್ಛ, ಸ್ಪಷ್ಟ!

"ರೀ, ಕೇಳಿಸ್ತಿದ್ಯಾ?"

"ಕೇಳಿಸ್ತಿದೆ ಕಣೇ! ಗೆದ್ದೆ!"

ಹೊರಗಿನ ಸದ್ದು ಒಂದಿಷ್ಟೂ ಇಲ್ಲ. ಲಾರಿ ಹಾರನ್ನಿಲ್ಲ, ಗಾಳಿಯಿಲ್ಲ. ನಾವಿಬ್ಬರೇ. ಮದುವೆಯಾದ ಮೇಲೆ ನಾವು ಅಷ್ಟು ಹೊತ್ತು ಜಗಳವಿಲ್ಲದೆ ಮಾತಾಡಿದ್ದು ಅದೇ ಮೊದಲು. ಚಿಕ್ಕನಾಯಕನಹಳ್ಳಿ ದಾಟುವಷ್ಟರಲ್ಲಿ ಗಿರಿಜೆ, "ನಿಜ ಹೇಳ್ಲಾ? ಈ ಕಾರು ನನಗೂ ಇಷ್ಟಾನೇ. ಶಂಕರನಿಗೆ ಕೊಡೋದು ಬೇಡ" ಅಂದುಬಿಟ್ಟಳು. ನನ್ನ ಎದೆ ತುಂಬಿ ಬಂತು.

ದಾರಿಯಲ್ಲಿ ಜನ ಕೈಬೀಸುತ್ತಿದ್ದರು. ಕುರಿ ಕಾಯುವವನೊಬ್ಬ ಓಡಿ ಬಂದು ಹಿಂದಕ್ಕೆ ಕೈ ತೋರಿಸಿ ಏನೋ ಕೂಗಿದ. ನನ್ನ ಯಂತ್ರ ಕಂಡು ಬೆರಗಾಗಿದ್ದಾನೆ ಅಂತ ನಾನೂ ಗತ್ತಿನಿಂದ ಕೈ ಎತ್ತಿದೆ.

ಕೆಂಕೆರೆಯ ಬೀದಿಗೆ ಬಂದಾಗ ಕಾರು ನಿಧಾನ ಮಾಡಿದೆ. ಗಿರಿಜೆ ಗುಟ್ಟಿನ ದನಿಯಲ್ಲಿ ಹೇಳಿದಳು: "ನೋಡ್ರಿ, ಶಂಕರನ ಹೆಂಡ್ತಿ ನೀಲ ಹೋಳಿಗೆ ಮಾಡಿರ್ತಾಳೆ. ಚಪ್ಪಲಿ ಅಟ್ಟೆ ಥರ ಇರ್ತದೆ. ಚೆನ್ನಾಗಿದೆ ಅಂತ ಹೇಳಿ ನುಂಗ್ಬುಡಿ."

ನಾನು ನಕ್ಕೆ. "ಹೋಳಿಗೆ ನುಂಗಬಹುದು ಕಣೇ. ನಿನ್ನ ತಮ್ಮನ ಜಂಬ ನುಂಗೋದು ಕಷ್ಟ. ನನ್ನ ಕಾರಿಂದ ನೀರು ಹಾಯಿಸ್ತಾನಂತೆ! ಅವನ ಮೂತಿಗೆ ಕೊಡದಲ್ಲಿ ಹೊರೋದೇ ಸರಿ!"

ಬೀದಿಯಲ್ಲಿ ಜನ ನಿಂತಲ್ಲೇ ನಿಂತಿದ್ದರು. ಜಗಲಿಯ ಮೇಲೆ ಶಂಕರ, ಅವನ ಪಕ್ಕದಲ್ಲಿ ಹೋಳಿಗೆ ತಟ್ಟೆ ಹಿಡಿದ ನೀಲ. ಇಬ್ಬರ ಮುಖವೂ ಸುಟ್ಟ ಬದನೇಕಾಯಿ. ಶಂಕರ ಹತ್ತಿರ ಬಂದು ನನ್ನ ಕಿವಿಯ ಚಿಪ್ಪನ್ನು ಮೆಲ್ಲಗೆ ಎತ್ತಿದ.

"ಭಾವ, ಡಿಕ್ಕಿ ಕಡೆ ಒಸಿ ನೋಡಿ."

"ಭಾವ, ಡಿಕ್ಕಿ ಕಡೆ ಒಸಿ ನೋಡಿ!" ಅಂತ ಹಾರನ್ನು ಇಡೀ ಊರಿಗೆ ಹೇಳಿತು.

ನಾರು ಇರಲಿಲ್ಲ! ಗಾಳಿಗೆ ಎಲ್ಲಿ ಕಿತ್ತು ಹೋಗಿತ್ತೋ ಶಿವನೇ ಬಲ್ಲ. ಚಿಪ್ಪು ಕಿವಿಗೆ ಎಷ್ಟು ಬಿಗಿಯಾಗಿತ್ತೆಂದರೆ ಬೆನ್ನ ಹಿಂದೆ ಅರಚುತ್ತಿದ್ದ ನಮ್ಮದೇ ದನಿ ನಮಗೆ ಕೇಳಿರಲಿಲ್ಲ. ನನ್ನ ಕೆಲಸ ಅಷ್ಟು ಅಚ್ಚುಕಟ್ಟು!

ನೀಲ ತಟ್ಟೆಯನ್ನು ನನ್ನ ಮುಂದೆ ಹಿಡಿದಳು. "ತಗೊಳ್ಳಿ ಅಣ್ಣ. ಅಟ್ಟೆ ಬಿಸಿಯಾಗೈತೆ."

ಶಂಕರ, "ಸೆಟ್ಟು ಕೆಟ್ಟೋಯ್ತಲ್ಲ ಭಾವ. ಅಕ್ಕ ಎಲ್ಲಾ ಕಾಗದ ಬರೆದಿದ್ಲು, ಮಾತು ಅಂದ್ರೆ ಮಾತು. ಕಾರು ನನಗೆ" ಅಂದ.

ಆಗ ನನ್ನ ರೋಷ ನೋಡಬೇಕಿತ್ತು! ಸೀಟಿನ ಮೇಲೆ ಎದ್ದು ನಿಂತೆ. "ಏನಯ್ಯಾ ಕೆಟ್ಟಿದ್ದು? ಅವಳು ಹೇಳಿದ್ದು ನನಗೆ ಕೇಳ್ಬೇಕು ಅನ್ನೋದು ಮಾತು. ಕೇಳ್ತೋ ಇಲ್ವೋ? ಬೇರೆಯವರಿಗೆ ಕೇಳ್ಬಾರ್ದು ಅಂತ ಯಾರಾದ್ರೂ ಹೇಳಿದ್ರಾ? ಕಾರು ನಂದೇ!" ಹಾರನ್ನು ಇದನ್ನೂ ಊರಿಗೆಲ್ಲ ಸಾರಿತು. ಊರ ಹಿರಿಯರು ಯೋಚಿಸಿ, ನ್ಯಾಯ ನನ್ನ ಕಡೆ ಇದೆ ಅಂದರು. ಎರಡು ಹೋಳಿಗೆ ತಿಂದೆ. ಅಟ್ಟೆಯೇ. ಆದರೂ ತಲೆಯೆತ್ತಿ ತಿಂದೆ.

ಕಾರು ಉಳಿಯಿತು. ಅದರಲ್ಲಿ ಕೂರುವ ಹೆಂಡತಿ ಉಳಿಯಲಿಲ್ಲ. "ಸತ್ತರೂ ಹತ್ತಲ್ಲ" ಅಂತ ಗಿರಿಜೆ ಹುಳಿಯಾರಿಗೆ ಹೋಗಿ ಬಸ್ಸು ಹಿಡಿದಳು. ನಾನು ಸೋಲುವವನೇ? ಚಿಪ್ಪು ಬಿಗಿದುಕೊಂಡೇ ಒಬ್ಬನೇ ಹೊರಟೆ. ಪಕ್ಕದ ಸೀಟಿನಲ್ಲಿ ಅವಳ ಚಿಪ್ಪು ಕೂತಿತ್ತು.

ಚಿಕ್ಕನಾಯಕನಹಳ್ಳಿಯ ಏರಿನಲ್ಲಿ ಆ ಬಸ್ಸು ನನ್ನ ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿತು. ಕಿಟಕಿಯಿಂದ ಗಿರಿಜೆ ಅರ್ಧ ಮೈ ಹೊರಹಾಕಿ, ಕೈ ಬೀಸಿ, ಬಾಯಿ ತೆಗೆದು ಮುಚ್ಚಿದಳು. ಕೋಪ ಇಳಿದಿದೆ ಪಾಪ, ಅಂತ ನಾನೂ ಖುಷಿಯಿಂದ ತಲೆದೂಗಿದೆ.

ತಿಪಟೂರಿನಲ್ಲಿ ಬಸ್ ಸ್ಟ್ಯಾಂಡಿನ ಮುಂದೆ ನಿಂತಿದ್ದಳು. ನಾನು ಚಿಪ್ಪು ತೆಗೆಯುವವರೆಗೂ ಕಾದು, ಮೆಲ್ಲಗೆ ಡಿಕ್ಕಿ ತೋರಿಸಿದಳು. ಹಗ್ಗ ನೇತಾಡುತ್ತಿತ್ತು. ಬಸಣ್ಣನ ಹಾರನ್ನು ಇರಲಿಲ್ಲ.