ಪೇಟಿ ಮಾಸ್ತರರ ಆರ್ಗನ್

ರೇಡಿಯೋ ರಿಪೇರಿ ಅಂಗಡಿಗೆ ಕೆಟ್ಟ ಸಾಮಾನಷ್ಟೇ ಬರುತ್ತದೆ ಅಂದುಕೊಂಡವರಿಗೆ ನಮ್ಮ ಕಸುಬು ಗೊತ್ತಿಲ್ಲ. ನಗುವುದಕ್ಕೂ ಕೈಮುಗಿಯುವುದಕ್ಕೂ ಕಾರಣಗಳು ಅದರ ಹಿಂದೆಯೇ ಬರುತ್ತವೆ. ಎಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನ ನನ್ನ ಅಂಗಡಿಗೆ ಹಾಗೆ ಬಂದದ್ದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರರ ಹಳೆಯ ಕರೆಂಟಿನ ಆರ್ಗನ್.

೧. ನಾಲ್ಕು ಬೆರಳು

ಆರ್ಗನ್ ಕೆಟ್ಟಿರಲಿಲ್ಲ, ಮಾಸ್ತರರ ಬೆರಳು ಕೆಟ್ಟಿದ್ದವು. ವಾತ ಹಿಡಿದು, ಅದರ ಬಿಗಿ ಕೀಗಳನ್ನು ಒತ್ತಲಾಗದೆ ಎರಡು ವರ್ಷವಾಗಿತ್ತು. ಹಿರಿಯ ಅಳಿಯ ಕೊಡಿಸಿದ ಹೊಸ ಕೀಬೋರ್ಡಿನ ಕೀಗಳು ಹಗುರ. ಆದರೆ ಅದರ ದನಿ ಇವರಿಗೆ ಸೇರದು.

“ಕಿರಿ ಮಗಳ ಮದುವ್ಯಾಗ ನನ್ನ ಆರ್ಗನ್ನೇ ನುಡೀಬೇಕಪ್ಪಾ. ಬ್ಯಾರೆ ಏನೂ ಬ್ಯಾಡ,” ಎಂದರು.

ಹೊಸ ಕೀಬೋರ್ಡಿನ ಬೆನ್ನಿಗೆ ‘ಮಿಡಿ’ ಎಂಬ ಸಾಕೆಟ್ ಇತ್ತು. ಯಾವ ಕೀ ಒತ್ತಿದಿರಿ, ಯಾವಾಗ ಬಿಟ್ಟಿರಿ ಎಂಬ ಸುದ್ದಿ ಅಲ್ಲಿಂದ ತಂತಿಯಲ್ಲಿ ಹೊರಡುತ್ತದೆ. ಅದನ್ನು ಓದುವ ಬೋರ್ಡನ್ನು ದಾವಣಗೆರೆಯ ಕಾಲೇಜು ಮೇಷ್ಟ್ರೊಬ್ಬರು ಮಾಡಿಕೊಟ್ಟರು. ಆರ್ಗನ್ನಿನ ಒಂದೊಂದು ಕೀಗೆ ಒಂದೊಂದು ಸ್ವಿಚ್ಚು ಬೆಸೆಯುವುದು ನನ್ನ ಪಾಲು. ಹುಣಸೆ ಬೀಜಕ್ಕಿಂತ ತುಸು ದೊಡ್ಡ ಕರಿ ಚಿಪ್, ಅದರೊಳಗೆ ಕಣ್ಣಿಗೆ ಕಾಣದ ನಾಲ್ಕು ಸ್ವಿಚ್ಚು! ಬೋರ್ಡಿನಿಂದ ಸುದ್ದಿ ಬಂದರೆ ಸಾಕು, ಒತ್ತುವವರಿಲ್ಲದೆ ತಾವೇ ಹಾಕಿಕೊಂಡು ತಾವೇ ಆರುತ್ತವೆ. ಇವತ್ತು ನೆನೆದರೂ ನನಗೆ ಮೈ ಜುಮ್ಮೆನ್ನುತ್ತದೆ.

ಮಾಸ್ತರರು ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. “ನಾಲ್ಕು ಬೆರಳು ಅದಾವ, ಒಂದಕ್ಕೂ ವಾತ ಇಲ್ಲ. ಪುಣ್ಯ ಮಾಡೈತಿ.”

೨. ತಂತಿಯೊಳಗಿನ ಅಪ್ಪಣೆ

ಪರೀಕ್ಷೆಗೆಂದು ಅವರ ಮನೆಯಲ್ಲಿ ಆರ್ಗನ್ನನ್ನು ಒಳಗಿಟ್ಟು, ಕೀಬೋರ್ಡನ್ನು ಪಡಸಾಲೆಯಲ್ಲಿಟ್ಟು, ನಡುವೆ ತಂತಿ ಎಳೆದೆ. ಮಾಸ್ತರರು ಇಲ್ಲಿ ಮೆಲ್ಲಗೆ ಮುಟ್ಟಿದರು. ಅಲ್ಲಿ ಆರ್ಗನ್ ನುಡಿಯಿತು. ಅವರ ಹೆಂಡತಿ ಸೆರಗು ಹೊದ್ದು ಹೊರಗೆ ಬಂದರು.

“ಈ ತಂತ್ಯಾಗ ಹಾಡು ಹೊಕ್ಕತೇನ್ರಿ?”

“ಹಾಡು ಹೋಗಲ್ರೀ ಅಮ್ಮಾರ. ಅಪ್ಪಣಿ ಅಷ್ಟ ಹೊಕ್ಕತಿ. ನುಡಿಯೋದೆಲ್ಲಾ ಒಳಗಿಂದು.”

ಅವರು ಗಂಡನ ಕಡೆ ನೋಡಿದರು. “ಇದ್ರಾಗ ಹೊಸಾದೇನೈತಿ? ಇವರು ಪಡಸಾಲ್ಯಾಗ ಕುಂತು ಅಪ್ಪಣಿ ಕೊಡ್ತಾರ, ನಾನು ಒಳಗ ದುಡೀತೀನಿ. ನಲವತ್ತು ವರ್ಷಾತು, ತಂತೀನೂ ಬೇಕಾಗಿಲ್ಲ.”

೩. ಮೂರೆಳೆ

ಮದುವೆ ಹಗರಿಬೊಮ್ಮನಹಳ್ಳಿಯಲ್ಲಿ. ಹಂದರದ ಒಂದು ಮೂಲೆಯಲ್ಲಿ ಆರ್ಗನ್, ಇನ್ನೊಂದು ಮೂಲೆಯಲ್ಲಿ ಕೀಬೋರ್ಡು. ಕರೆಂಟು ಕೊಟ್ಟು, ಎಲ್ಲ ಸರಿಯಿದೆ ಎಂದು ನಾನು ಉಪ್ಪಿಟ್ಟಿಗೆ ಕುಳಿತೆ.

ಎರಡು ತುತ್ತು ಇಳಿದಿರಲಿಲ್ಲ, ಯಾರೂ ಕೀ ಮುಟ್ಟದೆಯೇ ಆರ್ಗನ್ ಮೂರು ಸ್ವರ ಒಟ್ಟಿಗೆ ಹಿಡಿದು ನುಡಿಯತೊಡಗಿತು. ತಟ್ಟೆ ಅಲ್ಲೇ ಬಿಟ್ಟೆ. ಓಡಿಹೋಗಿ ನೋಡಿದರೆ, ಹೊಸ ಯಂತ್ರಕ್ಕೆ ಪೂಜೆ ಆಗಿಲ್ಲವೆಂದು ಮಾಸ್ತರರು ಅದರ ಬೆನ್ನು ತೆಗೆದು, ನೀರಲ್ಲಿ ಕಲಸಿದ ವಿಭೂತಿಯನ್ನು ನೇರ ಚಿಪ್‌ಗಳ ಮೇಲೆ ಮೂರೆಳೆ ಎಳೆದಿದ್ದರು! ಒದ್ದೆ ವಿಭೂತಿ ಚಿಪ್‌ನ ತಂತಿಗಾಲುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕರೆಂಟು ದಾಟಿಸಿ, ಸ್ವಿಚ್ಚು ಹಾಕಿಬಿಟ್ಟಿತ್ತು.

ಹಂದರದಲ್ಲಿದ್ದವರೆಲ್ಲ ಎದ್ದು ನಿಂತು ಕೈಮುಗಿದಿದ್ದರು. ವರನ ಅಜ್ಜ, “ಮೂರೆಳಿಗೆ ಮೂರು ಸ್ವರ ನೋಡ್ರಿ,” ಎಂದು ಗಲ್ಲ ಬಡಿದುಕೊಂಡರು.

ನಾನು ಬೀಸಣಿಗೆ ಹಿಡಿದು ಬೀಸಿದ್ದೇ ಬೀಸಿದ್ದು. ವಿಭೂತಿ ಆರುತ್ತ ಬಂದಂತೆ ಒಂದೊಂದೇ ಸ್ವರ ನಿಂತಿತು. ಆಗ ಮಾಸ್ತರರು ಆ ಮೂಲೆಯಲ್ಲಿ ಕುಳಿತು ಸೊಟ್ಟ ಬೆರಳುಗಳಿಂದ ಕೀಬೋರ್ಡು ಮುಟ್ಟಿದರು. ಎರಡೂವರೆ ವರ್ಷದ ಮೇಲೆ ಅವರ ಆರ್ಗನ್ ಜನರ ಮುಂದೆ ಈ ಮೂಲೆಯಲ್ಲಿ ಹಾಡಿತು. ಮಗಳು ಮಣೆಯ ಮೇಲೆ ಕುಳಿತೇ ಅತ್ತಳು. ಸುಳ್ಳು ಯಾಕೆ, ನಾನೂ ಅತ್ತೆ.

ಹೊರಡುವಾಗ ಮಾಸ್ತರರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಆರು ತಿಂಗಳು ಕಣ್ಣು ಕಳಕೊಂಡು ಬೆಸೆದಿ, ಇಲ್ಲ ಅನ್ನಂಗಿಲ್ಲ. ಆದ್ರ ಎಲ್ಲಾರೂ ನೋಡ್ಯಾರಪ್ಪಾ, ಹಂದರದಾಗ ಅದು ಮೊದಲು ಬಾಯಿ ಬಿಟ್ಟಿದ್ದು ನನ್ನ ವಿಭೂತಿಗೆ.”