ನೆಂಟರಿಲ್ಲದ ಸಂತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬಿ.ಕಾಂ. ಮಕ್ಕಳಿಗೆ ಮಾರ್ಕೆಟಿಂಗ್ ಪಾಠ ಮಾಡುವ ನಾನು ಇದುವರೆಗೆ ಯಾರಿಗೂ ಏನನ್ನೂ ನೆಟ್ಟಗೆ ಮಾರಿದವನಲ್ಲ. ಒಮ್ಮೆ ಹಳೇ ಸೈಕಲ್ ಮಾರಲು ಹೋಗಿ, ಕೊಳ್ಳಲು ಬಂದವನ ಕಷ್ಟ ಕೇಳಿ ಮರುಗಿ, ಸೈಕಲ್ ಜೊತೆಗೆ ಗಾಳಿ ಹೊಡೆಯುವ ಪಂಪನ್ನೂ ಸುಮ್ಮನೆ ಕೊಟ್ಟು ಕಳಿಸಿದ್ದೇನೆ. ಈಜು ಬಾರದವರು ದಡದಲ್ಲಿ ನಿಂತು ಈಜು ಕಲಿಸುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಅವರಿಗೆ ದಡದಲ್ಲಿ ಸುಮ್ಮನೆ ನಿಂತಿರುವ ಬುದ್ಧಿಯಾದರೂ ಇರುತ್ತದೆ. ನನಗೆ ಅದೂ ಇಲ್ಲ. ಪಾಠ ಮಾಡುತ್ತ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯುತ್ತಿರುತ್ತೇನೆ. ಹಿಂದಿನ ಬೆಂಚಿನ ಚೇತನ್ ಒಂದು ದಿನ ಕೈಮುಗಿದು, "ಸಾ, ಒಸಿ ಒಂದ್ ಕಡೆ ನಿಂತ್ಕಳಿ ಸಾ. ನಿಮ್ಮನ್ನೇ ನೋಡ್ತಿದ್ರೆ ತೊಟ್ಲು ತೂಗ್ದಂಗಾಗಿ ನಿದ್ದೆ ಬಂದ್ಬುಡ್ತದೆ" ಎಂದ. ಅವನಿಗೆ ನಿದ್ದೆ ಬರಲು ನಾನು ಓಡಾಡಬೇಕಾಗಿಯೂ ಇರಲಿಲ್ಲ, ಅದು ಬೇರೆ ಮಾತು.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಇದನ್ನೆಲ್ಲ ಹೇಳಿಕೊಳ್ಳಬಾರದು ಎಂದು ಓದಿದವರ ಮನೆಯಲ್ಲಿ ಹುಟ್ಟಿದವರು ಹೇಳುತ್ತಾರೆ. ನಾನು ಹೇಳಿಕೊಳ್ಳುತ್ತೇನೆ. ದೊಡ್ಡಆಲಹಳ್ಳಿ ಕಡೆಯ ನಮ್ಮೂರಿನಿಂದ ಬಸ್ಸಿನ ಮೆಟ್ಟಿಲ ಮೇಲೆ ಒಂದೇ ಕಾಲೂರಿ ಕನಕಪುರಕ್ಕೆ ಹೋಗಿ ಓದಿದವನು ನಾನು. ರಜೆ ಬಂದರೆ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ದಿನವಿಡೀ ಡಬ್ಬಗಳಿಗೆ ಮುಚ್ಚಳ ಹಾಕುತ್ತಿದ್ದೆ. ಉಳಿದದ್ದಕ್ಕೆ ಅವ್ವನ ಸೊಪ್ಪಿನ ಮಂಕರಿ ಇತ್ತು. ಹಾಗೆ ಬಂದು ಈಗ ಮಾಗಡಿ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ಅತಿಥಿ ಎಂದರೆ ಯಾವಾಗ ಬೇಕಾದರೂ ಚೀಲ ಎತ್ತಿಕೊಂಡು ಹೊರಡಬೇಕಾದವನು. ಊರಿನಲ್ಲಿ ಅವ್ವ ಆ 'ಅತಿಥಿ'ಯನ್ನು ಸೋಸಿ ತೆಗೆದು 'ಲೆಕ್ಚರರ್' ಅನ್ನುವುದನ್ನಷ್ಟೇ ಉಳಿಸಿಕೊಂಡಿದ್ದಾಳೆ.

ಹೀಗಿರುವಾಗ ಪ್ರಾಂಶುಪಾಲರು ಕರೆದು, "ನೋಡ್ರಿ, ಮುಂದಿನ ಸೆಮಿಸ್ಟರಿಗೆ ನಿಮ್ಮ ಮಾರ್ಕೆಟಿಂಗ್ ಪೇಪರನ್ನ ಹದಿನೈದು ಜನವಾದ್ರೂ ಆರಿಸ್ಕೋಬೇಕು. ಇಲ್ಲಾಂದ್ರೆ ಪೇಪರ್ ಇಲ್ಲ" ಎಂದರು. ಪೇಪರ್ ಇಲ್ಲದಿದ್ದರೆ ನಾನೂ ಇಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ದೊಡ್ಡ ಮನುಷ್ಯರು. ತರಗತಿಯಲ್ಲಿದ್ದವರು ಇಪ್ಪತ್ತೆರಡು ಜನ. ಯಾರು ಯಾರು ತಗೊಳ್ತೀರಿ ಎಂದು ಕೇಳಿದೆ. ಐದು ಕೈ ಎದ್ದವು. ಅದರಲ್ಲಿ ಒಂದು ಸೊಳ್ಳೆ ಹೊಡೆಯಲು ಎದ್ದದ್ದು.

ಆವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪುಸ್ತಕದಲ್ಲಿರುವ ಸೋಪು, ಶಾಂಪೂ, ಕಾರುಗಳ ಉದಾಹರಣೆ ಹೇಳಿ ಹೇಳಿ ನನಗೇ ಆಕಳಿಕೆ ಬರುತ್ತಿತ್ತು. ಮಾಡಿಯೇ ಕಲಿಯಲಿ ಎಂದು ತೀರ್ಮಾನಿಸಿದೆ. ಇಡೀ ತರಗತಿ ಸೇರಿ ಒಂದು ಸರಕು ತಯಾರಿಸಬೇಕು, ಹೆಸರಿಡಬೇಕು, ಕುದೂರಿನ ಸಂತೆಯಲ್ಲಿ ಅಂಗಡಿ ಹಾಕಿ ಮಾರಬೇಕು. ಕುದೂರನ್ನು ಆರಿಸಿದ್ದರಲ್ಲಿ ನನ್ನದೊಂದು ಸ್ವಾರ್ಥವಿತ್ತು. ನಮ್ಮೂರು ಜಿಲ್ಲೆಯ ಆ ತುದಿ, ಕುದೂರು ಈ ತುದಿ. ಡಿಗ್ರಿ ಓದಿದವನು ಸಂತೆಯಲ್ಲಿ ಕೂತಿದ್ದನ್ನು ನೋಡುವ ಪರಿಚಯದ ಕಣ್ಣು ಅಲ್ಲಿರುವುದಿಲ್ಲ ಎಂದುಕೊಂಡೆ.

ಸರಕು ಏನಿರಬೇಕು ಎಂದು ಎರಡು ದಿನ ಜಗಳವಾಡಿ ಕೊನೆಗೆ ರಾಗಿ ಹುರಿಹಿಟ್ಟಿಗೆ ಬಂದು ನಿಂತರು. ಎಲ್ಲರ ಮನೆಯಲ್ಲೂ ರಾಗಿ ಇತ್ತು, ಎಲ್ಲರ ಅಜ್ಜಿಯರಿಗೂ ಹುರಿಯಲು ಬರುತ್ತಿತ್ತು. ಎಲ್ಲರ ಮನೆಯಲ್ಲೂ ಇರುವುದನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಮಾರ್ಕೆಟಿಂಗ್ ಮೇಷ್ಟ್ರಿಗೆ ಹೊಳೆಯಬೇಕಾಗಿತ್ತು. ಮೇಷ್ಟ್ರು ಆಗ ಪ್ಯಾಕೆಟ್ಟಿನ ಬಣ್ಣ ಹಸಿರಿರಬೇಕೋ ಕೆಂಪಿರಬೇಕೋ ಎಂದು ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದರು.

ಸಂತೆಯ ದಿನ ಮೇಜು ಹಾಕಿ, ಬ್ಯಾನರ್ ಕಟ್ಟಿ, ಪ್ಯಾಕೆಟ್ಟುಗಳನ್ನು ಗೋಪುರದಂತೆ ಜೋಡಿಸಿದೆವು. ಮೊದಲ ಗಿರಾಕಿಯಾಗಿ ಬಂದ ಅಜ್ಜಿ ಪ್ಯಾಕೆಟ್ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಇದು ನಮ್ಮನೇಲೇ ಡಬ್ಬದ ತುಂಬ ಐತಲ್ರಪ್ಪ. ನಿಮ್ಗೆ ಬೇಕಾದ್ರೆ ಯೋಳಿ, ಕೊಟ್ ಕಳುಸ್ತೀನಿ" ಎಂದಳು. ಆದರೂ ಅರ್ಧ ಗಂಟೆಯಲ್ಲಿ ಗೋಪುರ ಮುಕ್ಕಾಲು ಕರಗಿತ್ತು! ನಾನು ಹಿಗ್ಗಿ ಹೋಗಿ ನೋಡಿದರೆ, ಚೇತನ್ ಒಬ್ಬರ ಕೈಗೆ ಎರಡು ಪ್ಯಾಕೆಟ್ ಕೊಟ್ಟು, ಅವರು ಜೇಬಿಗೆ ಹಾಕಿದ ಕೈಯನ್ನು ಬಲವಂತವಾಗಿ ಹಿಡಿದು ನಿಲ್ಲಿಸುತ್ತಿದ್ದ.

"ಏನೋ ಇದು?"

"ನಮ್ ದೊಡ್ಡಪ್ಪನ್ ಬೀಗ್ರು ಸಾ. ಅವರ ತಾವ ದುಡ್ಡಿಸ್ಕಂಡ್ರೆ ನಮ್ಮಪ್ಪ ಮನೆಗೆ ಸೇರ್ಸಲ್ಲ."

"ಇದಕ್ಕೆ ಮುಂಚೆ ಬಂದೋರು?"

"ಅವ್ರು ನಮ್ ಬೆಂಚಿನ ಮಂಜನ ಸೋದರತ್ತೆ. ಅದಕ್ಕೂ ಮುಂಚೆ ಬಂದೋರು ನಮ್ ಭಾವ. ಟೀ ಕುಡ್ಸಿ ಕಳುಸ್ದೆ ಸಾ."

ನಮ್ಮ ಕಡೆ ಇದೊಂದು ಕಾನೂನು. ನೆಂಟರ ಕೈಯಿಂದ ದುಡ್ಡು ಮುಟ್ಟುವುದು ಹೊಡೆದಾಟಕ್ಕಿಂತ ದೊಡ್ಡ ಅವಮಾನ. ಹೊಡೆದಾಡಿದವರು ಮುಂದಿನ ಮದುವೆಯಲ್ಲಿ ಒಂದಾಗುತ್ತಾರೆ, ಹುರಿಹಿಟ್ಟಿಗೆ ದುಡ್ಡು ತೆಗೆದುಕೊಂಡ ಮಾತು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಸಂತೆಗೆ ಬಂದವರಲ್ಲಿ ಇಪ್ಪತ್ತೆರಡು ಮಕ್ಕಳ ನೆಂಟರನ್ನು ಕಳೆದರೆ ಉಳಿಯುವುದು ಒಂದೆರಡು ದನ. ಗ್ರಾಹಕರೊಂದಿಗೆ ಬಾಂಧವ್ಯ ಬೆಳೆಸಬೇಕು ಎಂದು ಅಧ್ಯಾಯಗಟ್ಟಲೆ ಬರೆದವರು, ಬಾಂಧವ್ಯ ಮೊದಲೇ ಇದ್ದರೆ ಏನು ಮಾಡಬೇಕು ಎಂದು ಒಂದು ಸಾಲೂ ಬರೆದಿಲ್ಲ.

ಈ ಗಲಾಟೆಯ ನಡುವೆ ಪವಿತ್ರ ಕಾಣಿಸಲಿಲ್ಲ. ತರಗತಿಯಲ್ಲಿ ಎರಡು ವರ್ಷದಲ್ಲಿ 'ಪ್ರೆಸೆಂಟ್ ಸಾ' ಬಿಟ್ಟು ಬೇರೆ ಮಾತಾಡದ ಹುಡುಗಿ. ಹುಡುಕಿದರೆ, ಹತ್ತು ಮಾರು ಆಚೆ ಹುಣಸೆ ಮರದ ನೆರಳಿನಲ್ಲಿ ಕೂತಿದ್ದಾಳೆ. ಟೀ ಅಂಗಡಿಯಿಂದ ಲೋಟ ತಂದಿದ್ದಾಳೆ, ಯಾರನ್ನೋ ಒಲಿಸಿ ಒಂದು ಬಿಂದಿಗೆ ಮಜ್ಜಿಗೆ ತಂದಿದ್ದಾಳೆ. ಪ್ಯಾಕೆಟ್ಟುಗಳನ್ನು ಹರಿದು, ಹಿಟ್ಟು ಕದಡಿ, ಈರುಳ್ಳಿ ಕೊತ್ತಂಬರಿ ಹಾಕಿ ಲೋಟದ ಲೆಕ್ಕದಲ್ಲಿ ಕೊಡುತ್ತಿದ್ದಾಳೆ! ಮನೆಯಲ್ಲಿ ಡಬ್ಬದ ತುಂಬ ಹಿಟ್ಟಿದ್ದರೂ ಸಂತೆಯ ಬಿಸಿಲಲ್ಲಿ ಕದಡಿ ಕೊಡುವವರು ಯಾರು? ಜನ ಸಾಲಾಗಿ ನಿಂತಿದ್ದರು. ಮನೆಯಲ್ಲೇ ಐತೆ ಎಂದಿದ್ದ ಅಜ್ಜಿ ಎರಡನೇ ಲೋಟದಲ್ಲಿದ್ದಳು. ನೆಂಟರು ಪವಿತ್ರಳಿಗೂ ಇದ್ದರು. ಒಬ್ಬ ಮಾವ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡು ಹೊರಟಾಗ ಅವಳು ತಲೆ ಎತ್ತದೆ, "ಮಾವ, ನಂಗಾದ್ರೆ ಬ್ಯಾಡ. ಆ ಅಲ್ಲಿ ಕೆಂಪು ಸರ್ಟು ಆಕ್ಕಂಡು ಓಡಾಡ್ತಾವ್ರಲ್ಲ, ನಮ್ ಸಾರು, ದುಡ್ಡು ಬರ್ನಿಲ್ಲ ಅಂದ್ರೆ ಮಾರ್ಕ್ಸ್ ಕಿತ್ಕತಾರೆ" ಎಂದಳು. ಮಾವ ದುಡ್ಡು ಕೊಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಉಗಿಯುವಷ್ಟು ಉಗಿದು ಹೋದ. ಅವನ ಹಿಂದೆ ಇನ್ನಿಬ್ಬರು. ಅವಳ ನೆಂಟಸ್ತಿಕೆಗೆ ಒಂದು ಗೀರೂ ಬೀಳಲಿಲ್ಲ, ಗೀರೆಲ್ಲ ನನಗೇ ಬಿತ್ತು.

ಅಷ್ಟರಲ್ಲಿ ಬೆನ್ನ ಮೇಲೊಂದು ಗುದ್ದು. "ಲೋ, ಅಕ್ಕನ್ ಮಗ ಅಲ್ವೇನ್ಲಾ!" ನನ್ನ ಸ್ವಂತ ಸೋದರಮಾವ! ಎತ್ತು ನೋಡಲು ಕುದೂರಿನವರೆಗೆ ಬಂದಿದ್ದಾನೆ. ಮೇಜು ನೋಡಿದ, ಬ್ಯಾನರ್ ನೋಡಿದ, ನನ್ನ ಮುಖ ನೋಡಿದ. ದನಿ ತಗ್ಗಿಸಿ, "ಕೆಲ್ಸ ಓಯ್ತೇನ್ಲಾ?" ಎಂದ. "ಇಲ್ಲ ಮಾವ, ಇದು ಪಾಠ" ಎಂದೆ. "ಉಂ, ಪಾಠ" ಎಂದು, ಸತ್ತವರ ಮನೆಯಲ್ಲಿ ಆಡಿಸುವಂತೆ ತಲೆಯಾಡಿಸಿದ. ಅವನ ಕೈಗೆ ಮೂರು ಪ್ಯಾಕೆಟ್ ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಚೇತನ್ ನೋಡುತ್ತಿದ್ದ.

ನಾನು ರೂಮು ಸೇರುವ ಮೊದಲೇ ಅವ್ವನ ಫೋನು. "ಸಂತೇಲಿ ಇಟ್ ಮಾರ್ತಿದ್ಯಂತೆ? ಮಕ್ಳ ದುಡ್ಡು ಬ್ಯಾರೆ ಕಿತ್ಕತಿದ್ಯಂತೆ? ಸಂತೆ ಜನ ಬಯ್ಯದ್ನ ನಿಮ್ಮಾವ ಕೇಳವ್ನೆ. ನಾನು ಸೊಪ್ಪು ಮಾರಿದ್ದು ನೀನು ಸಂತೇಲಿ ಕೂತ್ಕಳ್ಳಿ ಅಂತ ಅಲ್ಲ ಕಣಪ್ಪ." ಅವ್ವ ನಲವತ್ತು ಕಟ್ಟು ಸೊಪ್ಪನ್ನು ಬಾಡುವುದರೊಳಗೆ ಹೇಗೆ ಮಾರುತ್ತಿದ್ದಳೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವಳ ಮಂಕರಿ ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದ ಮಗ ನಾನು. ಅದೆಲ್ಲ ಈಗ ಯಾಕೆ.

ಪೇಪರ್ ಆರಿಸಿಕೊಳ್ಳುವ ದಿನ ಕಚೇರಿಯ ಮುಂದೆ ನಾನು ನಡೆದಷ್ಟು ದೂರಕ್ಕೆ ಮಾಗಡಿಯಿಂದ ರಾಮನಗರ ಮುಟ್ಟಬಹುದಿತ್ತು. ಕೊನೆಗೆ ಗುಮಾಸ್ತರು ಪಟ್ಟಿ ಕೊಟ್ಟರು. ಹತ್ತೊಂಬತ್ತು! ಕಾಲು ಮೊದಲ ಸಲ ನಿಂತಲ್ಲಿ ನಿಂತಿತು. ಹೆಸರುಗಳನ್ನು ಎರಡು ಸಲ ಓದಿದೆ. ಪವಿತ್ರ ಇರಲಿಲ್ಲ. ಕಾಸ್ಟ್ ಅಕೌಂಟಿಂಗ್ ತೆಗೆದುಕೊಂಡಿದ್ದಳು. ಕಾರಿಡಾರಿನಲ್ಲಿ ಹಿಡಿದು ಯಾಕಮ್ಮ ಎಂದೆ.

"ಮಾರದು ನಂಗೆ ಬತ್ತದಲ್ಲ ಸಾ. ಬರ್ದೇ ಇರದನ್ನ ತಾನೆ ಓದ್ಬೇಕು?"

ಚೇತನ್ ಪಟ್ಟಿಯಲ್ಲಿ ಮೊದಲನೆಯವನು. ಅಂದರೆ ಮಾರಲು ಬಾರದವರು ಹತ್ತೊಂಬತ್ತು ಜನ, ಮುಂದೆ ನಿಂತು ಕಲಿಸಲು ಇಪ್ಪತ್ತನೆಯವನು ನಾನು. ಪೇಪರ್ ಉಳಿಯಿತು. ಉಳಿದ ಮೇಲೆ ಮುಂದಿನ ಸಂತೆಯ ಚಿಂತೆ ಶುರುವಾಯಿತು. ಈ ಸಲವಾದರೂ ಜಾಣನಾಗೋಣ ಎಂದು ನಾಲ್ಕು ತಾಲೂಕಿನ ನೆಂಟಸ್ತಿಕೆಯೆಲ್ಲ ನಾಲಿಗೆಯ ಮೇಲಿರುವ ಅವ್ವನಿಗೇ ಫೋನು ಮಾಡಿದೆ.

"ಅವ್ವ, ಈ ಕಡೆ ನಮಗೆ ನೆಂಟರಿಲ್ಲದ ಊರು ಯಾವುದಾದ್ರೂ ಇದೆಯಾ?"

ಅವ್ವ ಒಂದೊಂದೇ ಊರಿನ ಹೆಸರು ಹೇಳಿ ಅಲ್ಲಿನ ನೆಂಟರನ್ನು ಎಣಿಸುತ್ತ ಬಂದಳು. "ಚನ್ನಪಟ್ಟಣದ ಆಚೆ ಒಂದಿತ್ತು ಕಣಪ್ಪ. ಮೊನ್ನೆ ಅಲ್ಗೇ ನಿಂಗೆ ಎಣ್ಣು ಕೇಳಕ್ಕೆ ಮಾವನ್ನ ಕಳುಸ್ದೆ. ಪರ್ಮನೆಂಟ್ ಲೆಕ್ಚರರ್ರು, ಸ್ಯಾನೆ ಸಮಾಧಾನಸ್ಥ, ಕುಂತ್ ಕಡೆ ಕುಂತಿರ್ತಾನೆ ಅಂತ ಯೋಳ್ಸಿವ್ನಿ. ಅವ್ರು ಒಪ್ಪೋಗಂಟ ಅತ್ಲಾಗೆ ಅಂಗಡಿ ಗಿಂಗಡಿ ಆಕ್ಬುಟ್ಟೀಯ."

ಅಂದರೆ ಸರಕಿಗೆ ಹೊಸ ಚೀಟಿ ಅಂಟಿಸಿ ಮಾರುಕಟ್ಟೆಗೆ ಬಿಟ್ಟಾಗಿತ್ತು. ಸರಕಿಗೊಂದು ಮಾತು ತಿಳಿಸುವುದು ಬಿಟ್ಟುಹೋಗಿತ್ತು, ಅಷ್ಟೆ.